ಎರಡು ಬಾಟಲಿ ಮರಳು

“ಏನಮ್ಮಾ ಇದು? ಗೋಡೆನೋ, ಜೇಡರ ಬಲೆನೋ?”

ಮೇಸ್ತ್ರಿ ಗುಡುಗಿದ ಸದ್ದಿಗೆ ಸುಂಡಿಲಿ ಇಟ್ಟಿಗೆ ರಾಶಿಯ ಮೇಲಿಂದ ಕೆಳಗೆ ಜಿಗಿದಳು. ಕಂಡಕಂಡಲ್ಲೆಲ್ಲ ಮೂಗು ತೂರಿಸುವ ಹುಡುಗಿಗೆ ಕೆಲಸದವರು ಇಟ್ಟ ಹೆಸರು ಅದು. ಸ್ಕೂಲಿಗೆ ರಜೆ ಬಂದರೆ ಸಾಕು, ಅಮ್ಮ ಕೆಲಸ ಮಾಡುವ ಕಟ್ಟಡದಲ್ಲಿ ಅವಳೂ ಹಾಜರು.

ಅಮ್ಮ ಮೊನ್ನೆ ಗಾರೆ ಮಾಡಿದ್ದ ಗೋಡೆಯ ತುಂಬ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಎಂಟು ವರ್ಷ ತಲೆಯ ಮೇಲೆ ಬಾಂಡ್ಲಿ ಹೊತ್ತಿದ್ದ ಅಮ್ಮ, ಕೈಯಲ್ಲಿ ಕರಣೆ ಹಿಡಿದು ಮಾಡಿದ ಮೊದಲ ಗೋಡೆ ಅದು.

“ಮೇಸ್ತ್ರಣ್ಣ, ಹೊಸ ಲೋಡಿನ ಮರಳೇ ಸರಿಯಿಲ್ಲ. ಅವತ್ತೇ ಹೇಳಿದ್ನಲ್ಲ.”

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ! ಕರಣೆ ಇಡು. ನಾಳೆಯಿಂದ ಮತ್ತೆ ಬಾಂಡ್ಲಿ ಹೊರು.”

ಅಮ್ಮ ಕರಣೆಯನ್ನು ಕೆಳಗಿಟ್ಟಳು. ಸುಂಡಿಲಿಗೆ ಅಳು ಬಂತು. ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಸೈನ್ಸ್ ಕ್ಲಾಸು ನೆನಪಾಯಿತು. ಹೊಳೆ ಹೊತ್ತು ತಂದದ್ದರಲ್ಲಿ ದಪ್ಪ ಮರಳು ಮೊದಲು ತಳ ಸೇರುತ್ತದೆ, ನುಣ್ಣನೆಯ ಜೇಡಿಮಣ್ಣು ಕೊನೆಗೆ ಕೂರುತ್ತದೆ ಎಂದು ಮಿಸ್ ಹೇಳಿದ್ದರು. ಬಾಟಲಿಯಲ್ಲಿ ಮಾಡಿಯೂ ತೋರಿಸಿದ್ದರು.

ಅವಳು ಎರಡು ಖಾಲಿ ಬಾಟಲಿ ಹುಡುಕಿದಳು. ಹಿತ್ತಲ ಮೂಲೆಯಲ್ಲಿ ಹಳೇ ಲೋಡಿನ ಮರಳು ಚೂರು ಉಳಿದಿತ್ತು. ಅದನ್ನು ಒಂದಕ್ಕೆ ಹಾಕಿದಳು, ಹೊಸದನ್ನು ಇನ್ನೊಂದಕ್ಕೆ. ನೀರು ತುಂಬಿ, ರಟ್ಟೆ ನೋಯುವ ತನಕ ಕುಲುಕಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಏನೇ ಅದು, ಜ್ಯೂಸ್ ಅಂಗಡಿನಾ?” ಮೇಸ್ತ್ರಿ ನಕ್ಕರು.

“ಸಂಜೆ ತನಕ ತಡ್ಕೊಳ್ಳಿ ಮೇಸ್ತ್ರಿ ಮಾಮ. ಅಮ್ಮಂದು ತಪ್ಪೋ, ಮರಳಿಂದೋ ಗೊತ್ತಾಗುತ್ತೆ. ಯಾರಾದ್ರೂ ಮುಟ್ಟಿದ್ರೆ ನೋಡಿ ಮತ್ತೆ!”

ಮಧ್ಯಾಹ್ನಕ್ಕೂ ನೀರು ಬಗ್ಗಡವಾಗಿಯೇ ಇತ್ತು. ಸುಂಡಿಲಿ ಹತ್ತು ಸಲ ಹೋಗಿ ಹತ್ತು ಸಲ ಪೆಚ್ಚುಮೋರೆ ಹಾಕಿಕೊಂಡು ಬಂದಳು.

ಸಂಜೆ ಕೈ ತೊಳೆಯಲು ಬಂದ ಮೇಸ್ತ್ರಿ ಕಿಟಕಿಯ ಮುಂದೆ ನಿಂತುಬಿಟ್ಟರು. ಹಳೇ ಮರಳಿನ ಮೇಲೆ ದಾರದಷ್ಟು ತೆಳ್ಳಗೆ ಮಣ್ಣು ಕೂತಿತ್ತು. ಹೊಸ ಮರಳಿನ ಮೇಲೆ ಎರಡು ಬೆರಳು ದಪ್ಪ!

“ಥತ್! ಲಾರಿಯವನು ನಮಗೆ ಮಣ್ಣು ಮುಕ್ಕಿಸಿದ್ದಾನಲ್ಲೇ!”

“ಜೇಡಿ ಒಣಗಿದ್ರೆ ಕುಗ್ಗುತ್ತೆ ಮಾಮ, ಅದಕ್ಕೇ ಬಿರುಕು. ಬತ್ತಿದ ಕೆರೆ ನೋಡಿಲ್ವಾ?”

“ಮೂವತ್ತು ವರ್ಷದಿಂದ ನೋಡ್ತಿದೀನಿ ಕಣೇ. ಈ ಸಲ ಮರಳು ನೋಡ್ಲಿಲ್ಲ, ಅಷ್ಟೇ.”

ಮೇಸ್ತ್ರಿ ಕೆಳಗೆ ಬಿದ್ದಿದ್ದ ಕರಣೆಯನ್ನು ಎತ್ತಿ, ತಮ್ಮ ಟವೆಲಿನಲ್ಲೇ ಒರೆಸಿ ಅಮ್ಮನ ಮುಂದೆ ಹಿಡಿದರು. “ತಗೋಮ್ಮಾ. ತಪ್ಪು ನಂದು.”

“ಹೋ!” ಎಂದು ಸುಂಡಿಲಿ ಕೂಗಿದ ಕೂಗಿಗೆ ಮಾಳಿಗೆಯ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಅವಳ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ.

ಮಾರನೆಯ ದಿನವೂ ರಜೆ. ಬೆಳಿಗ್ಗೆಯೇ ಬೇರೆ ಲಾರಿ ಬಂತು.

“ಇಳಿಸಬೇಡ, ತಡಿ. ಮೊದಲು ಇವರು ನೋಡ್ಲಿ,” ಎಂದು ಮೇಸ್ತ್ರಿ ಅಮ್ಮನ ಕಡೆ ತಿರುಗಿದರು.

ಸುಂಡಿಲಿ ಬಾಟಲಿ ಹಿಡಿದು ಓಡಿದಳು. ಅಮ್ಮ ಬಾಟಲಿ ತೆಗೆದುಕೊಳ್ಳಲಿಲ್ಲ. ಒಂದು ಹಿಡಿ ಮರಳು ತೆಗೆದು, ನೀರು ಚಿಮುಕಿಸಿ, ಎರಡೂ ಕೈಯಲ್ಲಿ ಉಜ್ಜಿ ಅಂಗೈ ಬಿಡಿಸಿದಳು. ಡ್ರೈವರು, ಮೇಸ್ತ್ರಿ, ಬಾಂಡ್ಲಿ ಹೊರುವವರು, ಎಲ್ಲರೂ ಆ ಅಂಗೈಯನ್ನೇ ನೋಡುತ್ತಿದ್ದರು. ಕೆಸರಿನ ಕಲೆ ಅಂಟಿರಲಿಲ್ಲ.

ತನಗೆ ಸಿಗಲು ಇಡೀ ದಿನ ಹಿಡಿದ ಉತ್ತರ ಅಮ್ಮನಿಗೆ ಮೂರು ಎಣಿಸುವಷ್ಟರಲ್ಲಿ ಸಿಕ್ಕಿತ್ತು. ಅವತ್ತೂ ಸಿಕ್ಕಿತ್ತು, ಯಾರೂ ಕೇಳಿರಲಿಲ್ಲ ಎಂದುಕೊಂಡಳು ಸುಂಡಿಲಿ.

“ಇಳಿಸಿ,” ಎಂದಳು ಅಮ್ಮ.