ನಿಧಾನಸ್ಥರಿಗೆ ಕಾಯುವ ಸಿಗ್ನಲ್

ನಗರಸಭೆಯವರು ನಮ್ಮ ರಸ್ತೆಗೆ ಹಾಕಿಸಿದ ಹೊಸ ಸಿಗ್ನಲ್‌ಗೆ ಕ್ಯಾಮೆರಾ ಇದೆ. ಯಾರಾದರೂ ನಿಧಾನವಾಗಿ ದಾಟುತ್ತಿದ್ದರೆ, ಅವರು ಆಚೆ ಸೇರುವ ತನಕ ಅದು ಗಾಡಿಗಳನ್ನು ತಡೆದು ನಿಲ್ಲಿಸುತ್ತದೆ. ನಾನೊಬ್ಬಳೇ ದಾಟಿದರೆ ಗಾಡಿಗಳು ಕೂಡಲೇ ಹೊರಡುತ್ತವೆ. ಗಂಡ ಜೊತೆಗಿದ್ದರೆ ಮಾತ್ರ, ನಾವಿಬ್ಬರೂ ದಾಟಿಯಾದ ಮೇಲೂ ಹೊರಡುವುದಿಲ್ಲ. ಖಾಲಿ ರಸ್ತೆಯಿಂದ ನೋವಿನ ಎಣ್ಣೆಯ ವಾಸನೆ ಬರುತ್ತದೆ. ಬೇಕಾದರೆ ಅಲ್ಲಿನ ಟ್ರಾಫಿಕ್ ಪೊಲೀಸನನ್ನೇ ಕೇಳಿ.

“ಇನ್ನೂ ಯಾರೋ ದಾಟ್ತಿದ್ದಾರೆ ಅಂತ ತೋರಿಸ್ತಿದೆಯಲ್ಲಮ್ಮಾ,” ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ತೀರಿಕೊಂಡ ಇವರ ಮೊದಲ ಹೆಂಡತಿ, ಆ ಮಹಾತಾಯಿ, ಕುಂಟುತ್ತಾ ನಡೆಯುತ್ತಿದ್ದಳಂತೆ. ನನ್ನ ಜೊತೆ ಹೊರಟರೆ ಹಿಂತಿರುಗಿಯೂ ನೋಡದೆ ದಾಪುಗಾಲು ಹಾಕುವ ಮನುಷ್ಯ, ರಸ್ತೆ ದಾಟಿದ ಮೇಲೆ ಮಾತ್ರ ತಿರುಗಿ ನಿಂತು ಕಾಯುತ್ತಾರೆ.

ಹೊಟ್ಟೆ ಉರಿದುಹೋಯಿತು. ನಿನ್ನೆ ಸಂಜೆ ಇವರ ಹಿಂದೆ ನಾನೂ ಬೇಕೆಂದೇ ಕುಂಟುತ್ತಾ ಹೊರಟೆ. ಅರ್ಧ ದಾಟುವಷ್ಟರಲ್ಲಿ ದೀಪ ಬದಲಾಗಿ ಗಾಡಿಗಳು ನನ್ನ ಮೇಲೆಯೇ ನುಗ್ಗಿ ಬಂದವು. ಎದ್ದೆನೋ ಬಿದ್ದೆನೋ ಎಂದು ಓಡಿದೆ.

“ಬೇಗ ಬರೋಕೆ ಏನಾಗಿದೆ ನಿಂಗೆ?” ಎಂದು ಗದರಿದರು.

ನಾನು ಫುಟ್‌ಪಾತ್ ಹತ್ತಿದ್ದೇ ತಡ, ಗಾಡಿಗಳೆಲ್ಲ ಮತ್ತೆ ನಿಂತವು. ಎಣ್ಣೆಯ ವಾಸನೆ ಹತ್ತಿರ ಬಂತು. ಇವರು ಖಾಲಿ ರಸ್ತೆಯ ಕಡೆಗೆ ಕೈ ಚಾಚಿ, “ಅವಸರ ಇಲ್ಲ, ಮೆಲ್ಲಗೆ ಬಾ,” ಎಂದರು.