ಎರಡನೇ ಬದಿಯ ಕೊನೆಯ ಹಾಡು

"ಹನ್ನೊಂದನೇ ಸಲ," ಎಂದಿತು ಹೆಡ್‌ಫೋನಿನೊಳಗಿನ ದನಿ.

ಅರ್ನೆಟಾ ಕಣ್ಣು ಮುಚ್ಚಿಕೊಂಡಳು. ತಾಳ ಹಾಕುವ ಡ್ರಮ್ ಮಷೀನು ಟಿಕ್ ಟಿಕ್ ಎಂದು ಹೊರಟಿತು. 'ಕರ್ತನೇ' ಎಂಬ ಮಾತಿನ ಮೇಲೆ ಅವಳಿಗೆ ಒಂದಿಷ್ಟು ಹೊತ್ತು ನಿಲ್ಲಬೇಕಿತ್ತು. ನಿಂತಳು. ಮಷೀನು ನಿಲ್ಲಲಿಲ್ಲ, ಅವಳನ್ನು ಅಲ್ಲೇ ಬಿಟ್ಟು ಮುಂದೆ ನಡೆಯಿತು. ಅದರ ಹಿಂದೆ ಓಡಿ ಹಿಡಿಯುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಬೆಳಗಿನ ಆರರಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಮಡಚಿ, ಬೆರಳ ತುದಿಯಲ್ಲಿನ್ನೂ ಬ್ಲೀಚಿನ ವಾಸನೆ ಹೊತ್ತು ಬಂದವಳು. ವಯಸ್ಸು ನಲವತ್ತಮೂರು. ಅಮೆರಿಕದ ಮೆಂಫಿಸ್ಸಿನ ತನ್ನ ಪುಟ್ಟ ಚರ್ಚಿನಲ್ಲಿ ಅವಳು ಹಾಡಿದರೆ ಮುದುಕರೂ ಎದ್ದು ನಿಲ್ಲುತ್ತಿದ್ದರು. ಅದನ್ನು ಕೇಳಿಯೇ ಕ್ರೈಸ್ತ ಹಾಡುಗಳ ಕಂಪನಿಯೊಂದು ಅವಳದೇ ಆಲ್ಬಮ್ ಮಾಡಲು ಮುಂದೆ ಬಂದಿದ್ದು. ಒಂಬತ್ತು ಹಾಡು ಮುಗಿದಿದ್ದವು. ಎಲ್ಲವೂ ಥಳಥಳ, ಎಂಬತ್ತೈದನೇ ಇಸವಿಗೆ ತಕ್ಕ ಹಾಗೆ. ಉಳಿದದ್ದು ಈ ನಿಧಾನದ ಹಾಡು. ಒಂದು ಇಡೀ ಚಳಿಗಾಲ, ಚರ್ಚಿನಲ್ಲಿ ಬುಧವಾರದ ಹಾಡಿನ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ, ಅವಳೂ ಆರ್ಗನ್ ನುಡಿಸುವ ಓಡೆಲ್ಲನೂ ಕೂತು ಕಟ್ಟಿದ ಹಾಡು.

"ಮಿಸ್ ಅರ್ನೆಟಾ," ಗಾಜಿನಾಚೆಯಿಂದ ಡೆನ್ನಿಸ್ ಹೇಳಿದ. ರೆಕಾರ್ಡಿಂಗಿನ ಯಜಮಾನ ಅವನು. ಕೆಟ್ಟವನಲ್ಲ, ಇಪ್ಪತ್ತೆಂಟು ವರ್ಷ, ಅಷ್ಟೇ ಅವನ ತಪ್ಪು. "ಸ್ಟುಡಿಯೋ ಬಾಡಿಗೆ ಇವತ್ತಿಗೆ ಕೊನೆ. ಆಗಲಿಲ್ಲ ಅಂದ್ರೆ ಕಂಪನಿಯವರು ಈ ಹಾಡನ್ನ ನ್ಯಾಶ್‌ವಿಲ್ಲಿನಲ್ಲಿ ಹಾಡೋ ಇನ್ನೊಬ್ಬ ಹುಡುಗಿಗೆ ಕೊಡ್ತಾರಂತೆ. ನನ್ನ ಕೈಲಿಲ್ಲ."

"ಐದು ನಿಮಿಷ ಗಾಳಿಗೆ ಹೋಗಿ ಬರ್ತೀನಪ್ಪ," ಎಂದು ಅವಳು ಹೆಡ್‌ಫೋನು ತೆಗೆದಿಟ್ಟಳು.

ಹೊರಗೆ ಇಳಿಬಿಸಿಲು. ಹಿಂಬದಿಯ ಪಾರ್ಕಿಂಗಿನಲ್ಲಿ ಒಂದು ಹಳೆಯ ಕಂದು ಕಾರು. ಒಳಗೆ ಓಡೆಲ್.

ಒಂದು ತಿಂಗಳಾಗಿತ್ತು ಅವನು ಸ್ಟುಡಿಯೋ ಬಿಟ್ಟು. ಹೇಳಲಿಲ್ಲ, ಕೇಳಲಿಲ್ಲ. ಭಾನುವಾರ ಚರ್ಚಿನಲ್ಲಿ ನುಡಿಸುತ್ತಿದ್ದ, ಮುಗಿದ ಕೂಡಲೇ ಟೋಪಿ ಹಾಕಿಕೊಂಡು ಮಾಯವಾಗುತ್ತಿದ್ದ. ಬಸ್ ಡಿಪೋದ ಮೆಕ್ಯಾನಿಕ್, ಐದು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡವನು. ಹನ್ನೆರಡು ವರ್ಷದಿಂದ ಅವಳ ಎಡಗಡೆ ಕೂತು ಅವಳ ಭುಜ ನೋಡುತ್ತಾ ನುಡಿಸಿದ್ದ. ಭುಜ ಎದ್ದರೆ ಉಸಿರು ತೆಗೆಯುತ್ತಾಳೆಂದು ಲೆಕ್ಕ. ಆಗ ಸ್ವರ ಹಿಡಿದು ಕಾಯುತ್ತಿದ್ದ. ಅವಳನ್ನು ಬಿಟ್ಟುಹೋದ ಗಂಡ ಒಂಬತ್ತು ವರ್ಷದ ಸಂಸಾರದಲ್ಲಿ ಆ ಭುಜವನ್ನು ಅಷ್ಟು ಗಮನಿಸಿರಲಿಲ್ಲ.

ಅವಳು ಕಿಟಕಿ ತಟ್ಟಿದಳು. "ಬ್ರದರ್ ಓಡೆಲ್! ಇಲ್ಲೇನು ಮಾಡ್ತಿದ್ದೀರಿ?"

ಅವನು ಹುರಿದ ಮೀನಿನ ಸ್ಯಾಂಡ್‌ವಿಚ್ಚನ್ನು ಕಷ್ಟಪಟ್ಟು ನುಂಗಿದ. "ಊಟ."

"ಇಡೀ ಮೆಂಫಿಸ್ಸಿನಲ್ಲಿ ಊಟಕ್ಕೆ ಬೇರೆ ಜಾಗ ಇಲ್ವಾ?"

"ಇದೆ. ಅಲ್ಲಿ ನೀವಿರಲ್ಲ."

ಅಂದ ಮೇಲೆ ಅವನಿಗೇ ಗಾಬರಿಯಾಗಿ ಸ್ಯಾಂಡ್‌ವಿಚ್ಚಿನ ಕಾಗದ ಮಡಚತೊಡಗಿದ. ನಾಲ್ಕು ಮಡಿಕೆ, ಎಂಟು ಮಡಿಕೆ. ಅವಳು ಆ ದಪ್ಪ ಬೆರಳುಗಳನ್ನೇ ನೋಡುತ್ತಾ ನಿಂತಳು.

"ಎಷ್ಟು ದಿನದಿಂದ ಈ ಊಟ?"

"ಪ್ರತಿ ಮಂಗಳವಾರ, ನಿಮ್ಮ ರೆಕಾರ್ಡಿಂಗ್ ಇದ್ದಾಗೆಲ್ಲ. ನೀವು ಹೊರಗೆ ಬರೋ ಹೊತ್ತಿಗೆ ಹೊರಟುಬಿಡ್ತಿದ್ದೆ. ಇವತ್ತು ಬೇಗ ಬಂದುಬಿಟ್ರಿ, ಸಿಸ್ಟರ್."

"ಒಳಗಿನ ಹಾಡು ಇಲ್ಲಿಗೆ ಕೇಳಿಸುತ್ತಾ?"

"ಒಂದು ಸ್ವರಾನೂ ಕೇಳಿಸಲ್ಲ."

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಮತ್ತೆ ಒಳಗೆ ಬರೋಕೆ ಏನಾಗಿತ್ತು ದಾಡಿ?"

"ಆ ಹುಡುಗ ಮಷೀನು ತಂದಿಟ್ಟು ಆರ್ಗನ್ ಬೇಡ ಅಂದಾಗ ನಿಮ್ಮ ಮುಖ ನೋಡಿದೆ. ನೀವೇನೂ ಅನ್ನಲಿಲ್ಲ. ಹಾಡೋರು ಎಲ್ಲಿಗೆ ಹೋದ್ರೆ ಅಲ್ಲಿಗೆ ಹೋಗೋದು ನನ್ನ ಕೆಲಸ. ನೀವು ಸುಮ್ಮನಾದ್ರಿ. ನಾನೂ ಸುಮ್ಮನಾದೆ."

"ಅಯ್ಯೋ ಪುಣ್ಯಾತ್ಮರೇ! ಚರ್ಚಿನಲ್ಲಿ ಮೊದಲ ಸ್ವರ ಕೊಡೋದು ಯಾರು? ನೀವು ತಾನೇ? ನೀವು ಕೊಟ್ಟ ಮೇಲಲ್ವಾ ನಾನು ಬಾಯಿ ತೆರೆಯೋದು? ಅವತ್ತೂ ಅದಕ್ಕೇ ಕಾಯ್ತಾ ನಿಂತಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹನ್ನೆರಡು ವರ್ಷದ ಅಭ್ಯಾಸ ಇಬ್ಬರಿಗೂ ಒಟ್ಟಿಗೇ ಕೈಕೊಟ್ಟಿತ್ತು. ಅವಳು ಅವನ ಮೊದಲ ಸ್ವರಕ್ಕೆ, ಅವನು ಅವಳ ಮೊದಲ ಮಾತಿಗೆ ಕಾದು ಒಂದು ತಿಂಗಳು ಮಣ್ಣುಪಾಲಾಗಿತ್ತು.

"ಇಳೀರಿ. ಕೈ ತೊಳ್ಕೊಳ್ಳಿ," ಎಂದಳು ಅರ್ನೆಟಾ.

ಆರ್ಗನ್ ಸ್ಟುಡಿಯೋದ ಮೂಲೆಯಲ್ಲಿ ಮುಸುಕು ಹೊದ್ದು ಕೂತಿತ್ತು. ಓಡೆಲ್ ಮುಸುಕು ಸರಿಸುವಷ್ಟರಲ್ಲಿ ಅವಳು ಮೈಕಿನ ಕಂಬವನ್ನು ಎಳೆದು ತಂದು ಅವನ ಪಕ್ಕದಲ್ಲೇ ನಿಲ್ಲಿಸಿದಳು.

"ಅಲ್ಲಿ ಬೇಡ!" ಸ್ಪೀಕರಿನಲ್ಲಿ ಡೆನ್ನಿಸ್ ಕೂಗಿದ. "ಆರ್ಗನ್ ಸದ್ದು ನಿಮ್ಮ ದನಿಯೊಳಗೆ ಸೇರ್ಕೊಂಡುಬಿಡುತ್ತೆ. ಆಮೇಲೆ ಬೇರೆ ಮಾಡೋಕಾಗಲ್ಲ."

"ಬೇರೆ ಮಾಡು ಅಂತ ನಿನ್ನ ಯಾರು ಕೇಳಿದ್ರು?"

ಓಡೆಲ್ ತಲೆ ಬಗ್ಗಿಸಿ ಆರ್ಗನ್ನಿನ ಸ್ವಿಚ್ಚು ಹುಡುಕಿದ. ಅದನ್ನು ಅವನು ಆಗಲೇ ಹಾಕಿಯಾಗಿತ್ತು. ಅವನು ನಾಚಿಕೊಂಡಿದ್ದು ಅವಳ ಕಣ್ಣಿಗೆ ಬಿತ್ತು.

"ಮಷೀನು?" ಡೆನ್ನಿಸ್ ಕೇಳಿದ.

"ಆಫ್ ಮಾಡಪ್ಪ. ಅದಕ್ಕೂ ದಣಿವಾಗಿರುತ್ತೆ."

ಓಡೆಲ್ ಮೊದಲ ಸ್ವರ ಕೊಟ್ಟ.

ಅವಳು ಹಾಡಿದಳು. 'ಕರ್ತನೇ' ಎಂದು ನಿಂತಳು. ಇಡೀ ದಿನದ ಒದ್ದೆ ಬಟ್ಟೆಯ ಭಾರ, ನೋಯುವ ಕಾಲು, ಯಾರೂ ಇಲ್ಲದ ಮನೆಯ ಬೀಗ ತೆಗೆಯುವ ಸಂಜೆಗಳು, ಎಲ್ಲವೂ ಆ ಒಂದು ಮಾತಿನ ಮೇಲೆ ಬಂದು ಕೂತವು. ಕೆಳಗೆ ಆರ್ಗನ್ ಸ್ವರ ಹಿಡಿದೇ ಇತ್ತು. ಅವಸರ ಮಾಡಲಿಲ್ಲ. ಕಣ್ಣಂಚಿನಲ್ಲಿ ಅವಳಿಗೆ ಅವನ ಮುಖ ಕಾಣುತ್ತಿತ್ತು: ಕೀಲಿಮಣೆಯ ಕಡೆ ನೋಟವೇ ಇಲ್ಲ, ಎಲ್ಲ ಅವಳ ಕಡೆಗೇ. ಒಂದು ಕಡೆ ದನಿ ಒಡೆಯಿತು. ಒಡೆದ ದನಿಯಲ್ಲೇ ಮುಂದೆ ಹೋದಳು, ಅವನೂ ಜೊತೆಗೆ ಬಂದ.

ಹಾಡು ಮುಗಿಯಿತು. ಡೆನ್ನಿಸ್ ಟೇಪು ನಿಲ್ಲಿಸಿದ.

"ಏಳು ನಿಮಿಷ ಆಯ್ತು," ಎಂದ ಸ್ಪೀಕರಿನಲ್ಲಿ. "ಇದನ್ನ ಇನ್ನು ಯಾರಿಗೂ ಕೊಡೋಕಾಗಲ್ಲ, ಮಿಸ್ ಅರ್ನೆಟಾ. ರೆಕಾರ್ಡಿನ ಎರಡನೇ ಬದಿಯ ಕೊನೆಗೆ ಹಾಕ್ತೀನಿ. ಜಾಗ ಸಾಲದೇ ಇದ್ರೆ ಬೇರೆ ಒಂದು ಹಾಡು ತೆಗೀತೀನಿ, ಕಂಪನಿಯವರು ಬೈದ್ರೆ ಬೈಯ್ಲಿ. ಕಾಫಿ ತರ್ತೀನಿ, ಇರಿ."

ಬಾಗಿಲು ಮುಚ್ಚಿತು.

"ಅರ್ನೆಟಾ," ಎಂದ ಓಡೆಲ್. ಚರ್ಚಿನ ರೂಢಿಯ 'ಸಿಸ್ಟರ್' ಎಂಬುದು ಎಲ್ಲೋ ಬಿದ್ದುಹೋಗಿತ್ತು. "ನನಗೆ ನಿಮ್ಮ ಮೇಲೆ ಪ್ರೀತಿ. ಹನ್ನೆರಡು ವರ್ಷದಿಂದ ಅಂದ್ರೆ ಪಾಪ ಆಗುತ್ತೆ, ಆಗ ನನ್ನ ಹೆಂಡತಿ ಇದ್ಲು. ಒಂದು ನಾಲ್ಕು ವರ್ಷ ಅಂತ ಇಟ್ಕೊಳ್ಳಿ."

"ನನಗೆ ತುಂಬಾ ಸುಸ್ತಾಗಿದೆ, ಓಡೆಲ್."

ಅವನ ಮುಖ ಇಳಿಯಿತು. "ಗೊತ್ತು. ನಡೀರಿ, ಮನೆಗೆ ಬಿಡ್ತೀನಿ."

"ಪೂರ್ತಿ ಕೇಳು ಮಹಾರಾಯ. ಒಬ್ಬಳೇ ಸುಸ್ತಾಗಿ ಸುಸ್ತಾಗಿ ಸಾಕಾಗಿದೆ. ಇನ್ನು ಮೇಲೆ ನಿನ್ನ ಜೊತೆ ಸುಸ್ತಾಗ್ತೀನಿ. ಆಗಬಹುದಾ?"

"ಆಗಬಹುದು," ಎಂದ ಅವನು. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ.

ಅವಳು ಕೂತಳು. ಅವನ ಅಂಗಿಗೆ ಡಿಪೋದ ಎಣ್ಣೆಯ ವಾಸನೆ, ಹುರಿದ ಮೀನಿನ ವಾಸನೆ. ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಒಂದು ತಿಂಗಳ ಮಾತು ಬಾಕಿಯಿತ್ತು, ನಾಳೆ ಆಡಬಹುದು.

ಬಾಗಿಲು ತೆರೆದ ಸದ್ದಾಯಿತು. ಕಾಫಿಯ ಪರಿಮಳ ಬಂತು.

"ಶ್ಶ್, ಮೆತ್ತಗೆ," ಎಂದು ಓಡೆಲ್ ಪಿಸುಗುಟ್ಟಿದ. "ನನ್ನವಳು ಮಲಗಿದ್ದಾಳೆ."

ಅರ್ನೆಟಾಗೆ ನಿದ್ದೆ ಬಂದಿರಲಿಲ್ಲ. ಆದರೂ ಕಣ್ಣು ತೆರೆಯಲಿಲ್ಲ.