ನ್ಯಾಯಬೆಲೆ

ಯಶ್ಮಿತಾಳ ಜೊತೆ ನಾನು ಮೊದಲ ಸಲ ಮಾತಾಡಿದ್ದೇ ಜಗಳದಲ್ಲಿ. ಅದೂ ಅವಳನ್ನು ಬೇರೆ ಯಾರೋ ಎಂದು ತಿಳಿದುಕೊಂಡು.

ಮಸ್ಕತ್ತಿನಲ್ಲಿ ರೂವಿಯ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ಶನಿವಾರ ಸಂಜೆ ಇಂಗ್ಲೆಂಡಿನ ಫುಟ್ಬಾಲ್ ಮ್ಯಾಚ್ ಹಾಕುತ್ತಾರೆ. ನನ್ನ ಕ್ಲಬ್ಬಿನ ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ನಗುತ್ತೀರಿ. ಮೂರು ವರ್ಷದಲ್ಲಿ ಮಿತಿ ಮೀರಿ ನಷ್ಟ ಮಾಡಿಕೊಂಡಿತೆಂದು ಆ ವಾರವಷ್ಟೇ ಅದರ ಅಂಕಗಳನ್ನು ಕಡಿತ ಮಾಡಿದ್ದರು. ಮೈದಾನದಲ್ಲಿ ಬೆವರು ಸುರಿಸಿ ಗೆದ್ದ ಅಂಕಗಳನ್ನು ಕೋಟು ಹಾಕಿದವರು ಕೂತಲ್ಲೇ ಅಳಿಸಿಬಿಟ್ಟಿದ್ದರು. ಓನರ್ ತನ್ನ ಸ್ವಂತ ದುಡ್ಡನ್ನು ಪ್ರೀತಿಯಿಂದ ಸುರಿದರೆ ಇವರಿಗೇಕೆ ಹೊಟ್ಟೆಯುರಿ ಎಂದು ನಾನು ಗೆಳೆಯ ಶರ್ಫುದ್ದೀನನ ಮುಂದೆ ಕೂಗಾಡುತ್ತಿದ್ದೆ.

"ಸುರಿಯಲಿಕ್ಕೂ ಒಂದು ಮಿತಿ ಉಂಟು," ಪಕ್ಕದ ಮೇಜಿನಿಂದ ದನಿ ಬಂತು. "ಕ್ಲಬ್ ತಾನು ದುಡಿದದ್ದರಲ್ಲಿ ಬದುಕಬೇಕು."

ಎದುರಾಳಿ ತಂಡದ ಅಭಿಮಾನಿ ಇರಬೇಕೆಂದು, ನಿಮ್ಮದು ಯಾವ ಟೀಮು ಎಂದು ಕೆಣಕಿದೆ.

"ನನಗೆ ಟೀಮಿಲ್ಲ. ನಾನು ಮ್ಯಾಚ್ ನೋಡುದಿಲ್ಲ, ತೀರ್ಪು ಓದುದು ಮಾತ್ರ."

ಅವಳು ಪಕ್ಕದ ಬೀದಿಯ ಆಡಿಟ್ ಆಫೀಸಿನವಳು. ಬೇರೆಯವರು ಕಾದಂಬರಿ ಓದುವ ಹಾಗೆ ಇವಳು ಕ್ಲಬ್ಬುಗಳು ಸಿಕ್ಕಿಬಿದ್ದ ಕಥೆ ಓದುತ್ತಿದ್ದಳು. ಇಬ್ಬರ ಮನೆಮಾತೂ ತುಳು ಎಂದು ಗೊತ್ತಾಗುವಷ್ಟರಲ್ಲಿ ಜಗಳ ಕನ್ನಡದಲ್ಲೇ ಅರ್ಧ ಮುಗಿದಿತ್ತು. ಆಮೇಲೂ ನಮ್ಮ ಮಾತು ಕನ್ನಡದಲ್ಲೇ ಉಳಿಯಿತು.

ನಗು ಬಂದಾಗ ಅವಳು ತುಟಿ ಬಿಗಿಹಿಡಿಯುತ್ತಿದ್ದಳು. ನಗು ಕಣ್ಣಿನ ಮೂಲೆಯಿಂದ ತಪ್ಪಿಸಿಕೊಂಡು ಹೊರಬರುತ್ತಿತ್ತು. ಆ ಮೂಲೆಯನ್ನು ನೋಡಲೆಂದೇ ನಾನು ಪ್ರತಿ ಶನಿವಾರ ತಪ್ಪು ತಪ್ಪಾಗಿ ವಾದ ಮಾಡತೊಡಗಿದೆ. ಅದು ಅವಳಿಗೂ ಗೊತ್ತಿತ್ತು.

ಒಮ್ಮೆ ಮತ್ರಾದ ಸಮುದ್ರದಂಡೆಯಲ್ಲಿ ನಡೆಯುತ್ತಾ ಅವಳು ಕ್ಲಬ್ಬುಗಳ ಒಂದು ಕಳ್ಳದಾರಿ ವಿವರಿಸಿದಳು. ಓನರ್ ತನ್ನದೇ ಇನ್ನೊಂದು ಕಂಪನಿಯಿಂದ ಕ್ಲಬ್ಬಿಗೆ ಸ್ಪಾನ್ಸರ್ ಮಾಡಿಸುತ್ತಾನೆ, ಆಟಗಾರರ ಅಂಗಿಯ ಮೇಲೆ ಹೆಸರು ಹಾಕಿಸಲು ಹತ್ತು ಸಾಕಾದಲ್ಲಿ ನೂರು ಕೊಡಿಸುತ್ತಾನೆ, ಕಾಗದದಲ್ಲಿ ಕ್ಲಬ್ ಶ್ರೀಮಂತ. ಅದಕ್ಕೇ ಈಗ ಆ ಜಾಹೀರಾತಿನ ನಿಜವಾದ ಬೆಲೆ ಎಷ್ಟೆಂದು ಕೂತು ಲೆಕ್ಕ ಹಾಕುತ್ತಾರಂತೆ.

"ಫೇರ್ ವ್ಯಾಲ್ಯೂ. ಕನ್ನಡದಲ್ಲಿ ಹೇಳುದಾದ್ರೆ ನ್ಯಾಯಬೆಲೆ."

"ರೇಷನ್ ಅಂಗಡಿಯಾ ಮಾರಾಯ್ತಿ?" ಎಂದೆ. ಅವತ್ತು ಅವಳು ತುಟಿ ಬಿಗಿಹಿಡಿಯಲಿಲ್ಲ, ಗೊಳ್ಳೆಂದು ನಕ್ಕಳು. ನಗು ನಿಂತ ಮೇಲೆ, ನನ್ನ ನ್ಯಾಯಬೆಲೆ ಎಷ್ಟು ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನ ಕಾಲರ್ ಸರಿಮಾಡಿ, ಇದ್ದಷ್ಟೇ ಸಾಕು ಎಂದಳು. ನಾನು ಆ ರಾತ್ರಿ ನಿದ್ದೆ ಮಾಡಿದ ನೆನಪಿಲ್ಲ.

ಇದ್ದದ್ದಾದರೂ ಎಷ್ಟು? ವಾದಿ ಕಬೀರ್ ಬಡಾವಣೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ತಿಂಗಳಿಗೆ ಇನ್ನೂರ ಇಪ್ಪತ್ತು ರಿಯಾಲ್. ಅವಳಪ್ಪ ಕೊಗ್ಗಣ್ಣನಿಗೆ ಮಸ್ಕತ್ತಿನಿಂದ ದೂರದ ಸಹಮ್‌ನಲ್ಲಿ ಕೋಲ್ಡ್ ಸ್ಟೋರ್ ಎಂಬ ಸ್ವಂತ ದಿನಸಿ ಅಂಗಡಿ ಇತ್ತು, ದೊಡ್ಡ ಅಳಿಯ ದುಬೈಯಲ್ಲಿ ಬ್ಯಾಂಕಿನವನು. ಶುಕ್ರವಾರ ಊಟಕ್ಕೆ ಬಾ, ಅಪ್ಪ ನಿನ್ನನ್ನು ನೋಡಬೇಕಂತೆ ಎಂದು ಯಶ್ಮಿತಾ ಫೋನ್ ಮಾಡಿದಳು. ಅಪ್ಪ ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದೂ ಅವಳು ಹೇಳಿದ್ದಳು. ಹೆದರಿದವನಿಗೆ ಬುದ್ಧಿಮಾತೂ ಬೆದರಿಕೆಯಂತೆ ಕೇಳುತ್ತದೆ.

ಶರ್ಫುದ್ದೀನನಿಗೆ ಸಣ್ಣದೊಂದು ಟ್ರೇಡಿಂಗ್ ಕಂಪನಿ ಇತ್ತು. ನನ್ನ ಹೆದರಿಕೆ ಕೇಳಿ ಅವನು ಲೆಟರ್‌ಹೆಡ್ ತೆಗೆದು, ನಾನು ಅವನ ಕನ್ಸಲ್ಟೆಂಟ್, ಪ್ರತಿ ತಿಂಗಳು ಸಂಬಳದ ಮೇಲೆ ಮುನ್ನೂರು ರಿಯಾಲ್ ಎಂದು ಬರೆದು ಸೀಲು ಹೊಡೆದ. ಇದರಿಂದ ಯಾರಿಗೆ ನಷ್ಟ, ಯಲ್ಲಾ, ನಡಿ, ಹೋಗು ಎಂದ. ನಾನೂ ಹಾಗೆಯೇ ಅಂದುಕೊಂಡೆ. ಪ್ರೀತಿಯಿಂದ ಮಾಡಿದ್ದು ತಪ್ಪು ಹೇಗಾಗುತ್ತದೆ?

ಅವರ ಮನೆಯಲ್ಲಿ ಮೀನು ಸಾರಿನ ಊಟ ಅರ್ಧವಾಗುವ ಮೊದಲೇ, ಯಾರೂ ಕೇಳದೆ, ನಾನೇ ಆ ಕಾಗದ ತೆಗೆದುಕೊಟ್ಟೆ. ಕೊಗ್ಗಣ್ಣ ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. ಆಮೇಲೆ ಮಗಳ ಕಡೆ ಚಾಚಿದರು. ಅವಳು ಒಂದು ಸಲ ನೋಡಿದಳು. ಓದಿ ಮುಗಿಸುವಷ್ಟು ಹೊತ್ತೂ ನೋಡಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದಳು, ಅಲ್ಲ ಎನ್ನು, ಈಗಲೇ ಅಲ್ಲ ಎಂದುಬಿಡು ಎಂದು ಬೇಡುವ ಹಾಗೆ.

"ಇದು ನಿಜವಾ ಮಗಾ?" ಕೊಗ್ಗಣ್ಣ ಕೇಳಿದರು.

"ಹೌದು ಅಂಕಲ್."

ಅವರು ಕಾಗದದ ಮಾತು ಬಿಟ್ಟರು. ಇನ್ನೊಂದು ತುಂಡು ಮೀನು ಹಾಕಿಸಿದರು, ರಸ್ತೆಯಲ್ಲಿ ಬಿಸಿಲು ಜೋರಿತ್ತಾ ಎಂದು ವಿಚಾರಿಸಿದರು. ಅವರ ಮರ್ಯಾದೆ ನೋಡಿ ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ.

ಬಸ್ಸಿನವರೆಗೆ ಬಿಡಲು ಯಶ್ಮಿತಾ ಬಂದಳು. ಹೆದ್ದಾರಿಯ ಅಂಚಿನಲ್ಲಿ ನಿಂತಳು.

"ಅಪ್ಪನಿಗೆ ನಿನ್ನ ಸಂಬಳ ಗೊತ್ತಿತ್ತು," ಎಂದಳು. "ನಾನೇ ಹೇಳಿದ್ದು. ತಾನು ಇಲ್ಲಿಗೆ ಬರುವಾಗ ತನಗೆ ಎಪ್ಪತ್ತೇ ರಿಯಾಲ್ ಸಂಬಳ ಇದ್ದದ್ದು, ಹುಡುಗ ಒಳ್ಳೆಯವನಾದ್ರೆ ಸಾಕು ಅಂದಿದ್ರು. ಇವತ್ತು ಮದುವೆಯ ದಿನ ಮಾತಾಡ್ಲಿಕ್ಕೇ ನಿನ್ನನ್ನು ಕರೆದದ್ದು. ನೀನು ಅವರ ಬಾಯಿಂದಲೇ ಕೇಳ್ಬೇಕು ಅಂತ ನಾನು ಹೇಳ್ಲಿಲ್ಲ."

ನಾನು ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತೆ. ನಿನ್ನನ್ನು ಕಳೆದುಕೊಳ್ಳುವ ಹೆದರಿಕೆಗೆ ಮಾಡಿದೆ, ಈಗಲೇ ಹೋಗಿ ಅವರ ಕಾಲು ಹಿಡಿಯುತ್ತೇನೆ ಎಂದೆ.

"ಅಪ್ಪ ಕ್ಷಮಿಸ್ತಾರೆ. ಕಾಗದವನ್ನು ನಾನೂ ಕ್ಷಮಿಸ್ತಿದ್ದೆ," ಎಂದಳು. "ಆದ್ರೆ ನಾನು ಎದುರಿಗೇ ಕೂತಿದ್ದೆ. ನನ್ನನ್ನು ನೋಡಿಕೊಂಡೇ ನೀನು ಹೌದು ಅಂದಿ. ಅಷ್ಟು ಸಲೀಸಾಗಿ. ಇನ್ನು ಜೀವಮಾನ ಇಡೀ ನೀನು ಹೇಳಿದ್ದನ್ನೆಲ್ಲ ನಾನು ಪರೀಕ್ಷೆ ಮಾಡ್ಬೇಕಾ? ಆಫೀಸಲ್ಲಿ ಅದೇ ಮಾಡುದು. ಮನೆಯಲ್ಲೂ ಅದೇ ಆದ್ರೆ ನಾನು ಹೇಗೆ ಬದುಕುದು, ಲಕ್ಷಿತ್?"

ಇನ್ನು ಸುಳ್ಳು ಹೇಳುವುದಿಲ್ಲ ಎಂದು ಆಣೆ ಹಾಕಬಹುದಿತ್ತು. ಆ ಆಣೆಯನ್ನೂ ಅವಳು ಪರೀಕ್ಷಿಸಬೇಕಾಗುತ್ತಿತ್ತು.

ಮಸ್ಕತ್ತಿನ ಬಸ್ಸು ಬಂತು. ಅವಳು ಅಳುತ್ತಿದ್ದಳು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಬಾಗಿಲು ತೆರೆಯಿತು. ಒಂದು ಮಾತು, ಅವಳು ಬರೀ ನಿಲ್ಲು ಎಂದಿದ್ದರೆ ಸಾಕಿತ್ತು. ನಾನು ಕಾದೆ, ಡ್ರೈವರೂ ಕಾದ. ಅವಳು ಹೇಳಲಿಲ್ಲ. ನಾನು ಹತ್ತಿದೆ.